ಗೂಡ್ಸ್ ಲೈನಿನಲ್ಲಿ ಪ್ಯಾಸೆಂಜರ್ ಬೇಕೇ? ಮೊದಲು ಗ್ರಾಫ್ ಹಾಳೆ ತನ್ನಿ

ರೈಲು ಬೇಕೆಂದು ಮನವಿ ಕೊಟ್ಟವರಿಗೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಲೈನ್ ಕೆಪಾಸಿಟಿ ಇಲ್ಲ, ಪರಿಶೀಲಿಸಲಾಗುವುದು." ಲೈನ್ ಕೆಪಾಸಿಟಿ ಎಂದರೆ ಒಂದು ಹಳಿಯಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದೆಂಬ ಲೆಕ್ಕ. ಸ್ಟೇಷನ್ ಮಾಸ್ತರಿಕೆ ಮುಗಿಸಿ ಅಂಕೋಲೆಯಲ್ಲಿ ಕೂತಿರುವ ನನ್ನ ಹತ್ತಿರ "ಮಾಸ್ತರೆ, ಒಂದು ಅರ್ಜಿ ಬರೆದುಕೊಡಿ" ಎಂದು ಬಂದವರಿಗೆಲ್ಲ ನಾನು ಕೇಳುವುದು ಇಷ್ಟೇ: ನಿಮ್ಮ ರೈಲು ಎಲ್ಲೆಲ್ಲಿ ನಿಂತು ಯಾವ ಗಾಡಿಗೆ ದಾರಿ ಬಿಡುತ್ತದೆ? ಇದಕ್ಕೆ ಉತ್ತರವಿರುವ ಅರ್ಜಿಯನ್ನು ಮೂಲೆಗೆ ತಳ್ಳುವುದು ಸುಲಭವಲ್ಲ.

ಟೈಮ್ ಟೇಬಲ್ ನೋಡಿ "ಹತ್ತರಿಂದ ಹನ್ನೆರಡು ಗಂಟೆ ಲೈನು ಖಾಲಿ" ಅನ್ನಬೇಡಿ. ಗೂಡ್ಸ್ ಗಾಡಿ ಆ ಪುಸ್ತಕದಲ್ಲಿ ಇರುವುದೇ ಇಲ್ಲ. ಲೋಡ್ ಆದಾಗ ಹೊರಡುತ್ತದೆ, ಕಂಟ್ರೋಲಿನವರು ದಾರಿ ಕೊಟ್ಟಾಗ ಓಡುತ್ತದೆ. ಕೊಂಕಣ ಲೈನಿನಲ್ಲಿ ಲಾರಿಗಳನ್ನೇ ಹೊತ್ತೊಯ್ಯುವ, 1999ರಲ್ಲಿ ಶುರುವಾದ ರೋ-ರೋ ಬೇರೆ. ಹಳಿ ರಿಪೇರಿಗೆ ಗಾಡಿ ಬಿಡದೆ ಲೈನು ಖಾಲಿ ಇಡುವ ಹೊತ್ತು, ಅಂದರೆ ಬ್ಲಾಕೂ ಕೊಡಬೇಕು. 1998ರ ಜನವರಿ 26ಕ್ಕೆ ಪೂರ್ತಿ ತೆರೆದ ಮಾರ್ಗ ಇದು. ಮಹಾರಾಷ್ಟ್ರದ ರೋಹಾ–ವೀರ್ ನಡುವೆ ಜೋಡಿ ಹಳಿಯಾದದ್ದು 2021ರಲ್ಲಿ. ನಮ್ಮ ಕಾರವಾರ–ಭಟ್ಕಳದ ನಡುವೆ ಇರುವುದು ಒಂಟಿ ಹಳಿ.

ಗ್ರಾಫ್ ಹಾಳೆಯ ಅಡ್ಡಕ್ಕೆ 24 ಗಂಟೆ ಹಾಕಿ. ಉದ್ದಕ್ಕೆ ಸ್ಟೇಷನ್‌ಗಳು: ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ, ಹೀಗೆ, ಕಿಲೋಮೀಟರಿನ ಅಳತೆಗೆ ಸರಿಯಾಗಿ. ಪ್ರತಿ ಗಾಡಿಯೂ ಒಂದು ಓರೆಗೆರೆ. ಟೈಮ್ ಟೇಬಲಿನವು ಪೆನ್ನಿನಲ್ಲಿ, ಗೂಡ್ಸ್ ಪೆನ್ಸಿಲಿನಲ್ಲಿ. ಗೂಡ್ಸ್ ಹೋಗುವ ಹೊತ್ತಿಗಾಗಿ ಒಂದು ವಾರ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಬರೆದುಕೊಳ್ಳಿ. ಚಹಾ ಮಾರುವವನನ್ನೂ ಕೇಳಿ, ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎದುರುಬದುರು ಬರುವ ಎರಡು ಗೆರೆ ಕೂಡುವ ಜಾಗ ಸ್ಟೇಷನ್ನೇ ಆಗಿರಬೇಕು, ಅಲ್ಲಿ ಒಂದು ಗಾಡಿ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುವ ಪಕ್ಕದ ಹಳಿ, ಅಂದರೆ ಲೂಪ್ ಲೈನ್ ಇರಬೇಕು. ಎರಡು ಸ್ಟೇಷನ್ನಿನ ನಡುವೆ ಕೂಡಿದರೆ ನೀವು ಕೇಳುವ ಟೈಮ್ ಆಗುವುದಿಲ್ಲ. ಗೆರೆಯನ್ನು ಆಚೀಚೆ ಸರಿಸಿ.

ಲೂಪ್ ಇದ್ದರೆ ಸಾಲದು, ಉದ್ದ ಬೇಕು. 58 ಬೋಗಿಯ ಗೂಡ್ಸ್ ಎಂದರೆ ಎಂಜಿನ್, ಕೊನೆಯ ಗಾರ್ಡ್ ಡಬ್ಬಿ (ಬ್ರೇಕ್ ವ್ಯಾನ್) ಸೇರಿ ಸುಮಾರು 650 ಮೀಟರ್. ಇದನ್ನು ಪ್ಲಾಟ್‌ಫಾರ್ಮಿನ ತುದಿಯಿಂದಲೇ ನೋಡಬಹುದು, ಹಳಿಗೆ ಇಳಿಯಬೇಡಿ. ಎರಡು ಹಳಿ ಕೂಡುವಲ್ಲಿ ನಡುವೆ ಬಿಳಿ ಬಳಿದ ಒಂದು ಗುರುತು ಇರುತ್ತದೆ, ಫೌಲಿಂಗ್ ಮಾರ್ಕ್. ನಿಂತ ಗೂಡ್ಸಿನ ಕೊನೆಯ ಬ್ರೇಕ್ ವ್ಯಾನ್ ಅದರ ಒಳಗೆ ಬಂದಿದ್ದರೆ ಪಕ್ಕದ ಹಳಿ ಬಿಡುವಾಯಿತು. ಬಾಲ ಹೊರಗೆ ಉಳಿದರೆ ಪ್ಯಾಸೆಂಜರ್ ಹಿಂದಿನ ಸ್ಟೇಷನ್ನಿನಲ್ಲೇ ಕಾಯಬೇಕು.

ಇನ್ನು ಲೆಕ್ಕ. ರೈಲ್ವೆಯವರು ಬಳಸುವುದು ಸ್ಕಾಟ್ ಸೂತ್ರ. ಅತಿ ಉದ್ದದ ಬ್ಲಾಕ್ ಸೆಕ್ಷನ್ (ಒಂದು ಹೊತ್ತಿಗೆ ಒಂದೇ ಗಾಡಿ ಬಿಡುವ, ಎರಡು ಸ್ಟೇಷನ್ನಿನ ನಡುವಿನ ತುಂಡು) ದಾಟಲು ಅತಿ ನಿಧಾನದ ಗಾಡಿಗೆ ಬೇಕಾದ ನಿಮಿಷಕ್ಕೆ ಸಿಗ್ನಲ್, ಲೈನ್ ಕ್ಲಿಯರ್ (ಮುಂದಿನ ಸ್ಟೇಷನ್ನಿನ ಒಪ್ಪಿಗೆ) ಕೆಲಸದ ನಿಮಿಷ ಕೂಡಿಸಿ. ದಿನದ 1440 ನಿಮಿಷವನ್ನು ಅದರಿಂದ ಭಾಗಿಸಿ 0.7ರಿಂದ ಗುಣಿಸಿ, ನೂರಕ್ಕೆ 70 ಪಾಲಷ್ಟೇ ಕೈಗೆ ಸಿಗುತ್ತದೆಂಬ ಲೆಕ್ಕ. 12 ಕಿ.ಮೀ. ಸೆಕ್ಷನ್, ಗೂಡ್ಸಿನ ವೇಗ ಗಂಟೆಗೆ 48 ಕಿ.ಮೀ. ಎಂದಿಟ್ಟುಕೊಳ್ಳಿ: 15 ನಿಮಿಷ, ಮೇಲೆ 5. ದಿನಕ್ಕೆ 50 ಗಾಡಿ, ಹೋಗುವುದೂ ಬರುವುದೂ ಸೇರಿ. ಜಡಿಮಳೆಯಲ್ಲಿ ಕೊಂಕಣ ಲೈನಿನ ವೇಗದ ಮಿತಿ 40ಕ್ಕೆ ಇಳಿಯುತ್ತದೆ. ಅದೇ ಲೆಕ್ಕ 43ಕ್ಕೆ ಬರುತ್ತದೆ. ಹಾಗಾಗಿ ಅರ್ಜಿಗೆ ಮಳೆಗಾಲದ ಟೈಮ್ ಟೇಬಲ್ ಹಿಡಿದೇ ಗ್ರಾಫ್ ಹಾಕಿ. ಬೇಸಿಗೆಯಲ್ಲಿ ಮಾತ್ರ ಕೂಡಿಬರುವ ರೈಲು ಯಾರಿಗೆ ಬೇಕು ಮಾರಾಯ್ರೆ? ನಿಜವಾದ ಅಂಕಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಸೆಕ್ಷನ್‌ವಾರು ಕೆಪಾಸಿಟಿ, ಬಳಕೆ ಎರಡನ್ನೂ ಕೇಳಿ.

ಎಲ್ಲರೂ ಎಕ್ಸ್‌ಪ್ರೆಸ್ಸೇ ಕೇಳುತ್ತಾರೆ. ನನ್ನ ಮಾತು ಕೇಳಿದರೆ ಮೆಮು, ಅಂದರೆ ವಿದ್ಯುತ್ತಿನಲ್ಲಿ ಓಡುವ ಲೋಕಲ್ ಪ್ಯಾಸೆಂಜರ್ ಕೇಳಿ. ಗಂಟೆಗೆ 110 ಕಿ.ಮೀ. ವೇಗದಲ್ಲಿ ಬರುವ ಎಕ್ಸ್‌ಪ್ರೆಸ್ಸಿಗಾಗಿ ಮುಂದಿರುವ ಗೂಡ್ಸನ್ನೆಲ್ಲ ಲೂಪಿಗೆ ಹಾಕಬೇಕು. ಸ್ಟೇಷನ್ನಿಗೊಮ್ಮೆ ನಿಲ್ಲುವ ಮೆಮುವಿನ ಸರಾಸರಿ ವೇಗ ಗೂಡ್ಸಿನ ಹತ್ತಿರಹತ್ತಿರ ಇರುವುದರಿಂದ ಗ್ರಾಫಿನಲ್ಲಿ ಎರಡು ಗೆರೆಯೂ ಸಮಾನಾಂತರ ಓಡುತ್ತವೆ, ಒಂದರ ಹಿಂದೆ ಒಂದು ಬಿಡಬಹುದು. 2022ರಿಂದ ಲೈನು ಪೂರ್ತಿ ವಿದ್ಯುತ್ತಿನದು, ಆ ನೆಪವೂ ಇಲ್ಲ.

ಬರೀ ಗೂಡ್ಸ್ ಓಡುವ ಹಳಿಯಾದರೆ ಕಥೆಯೇ ಬೇರೆ. ಅಳ್ನಾವರ–ದಾಂಡೇಲಿ ನೋಡಿ. ಸುಮಾರು 25 ಕಿ.ಮೀ., ವರ್ಷಾನುಗಟ್ಟಲೆ ಕಾಗದ ಕಾರ್ಖಾನೆಯ ಸರಕಿಗಷ್ಟೇ ಉಳಿದಿತ್ತು. ಧಾರವಾಡದಿಂದ ದಾಂಡೇಲಿ ಬಳಿಯ ಅಂಬೇವಾಡಿಗೆ ಪ್ಯಾಸೆಂಜರ್ ಹೊರಟಿದ್ದು 2019ರ ನವೆಂಬರಿನಲ್ಲಿ. ಅಂಥ ಹಳಿಯಲ್ಲಿ ಜಾಗದ ಕೊರತೆ ಇಲ್ಲ, ಕೊರತೆ ಇರುವುದು ಪ್ಲಾಟ್‌ಫಾರ್ಮು, ಗೇಟು, ಸಿಗ್ನಲಿನದು. 1989ರ ರೈಲ್ವೆ ಕಾಯ್ದೆಯಂತೆ ಜನರನ್ನು ಸಾಗಿಸಲು ಮಾರ್ಗ ತೆರೆಯುವ ಮುಂಚೆ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆ ಆಗಬೇಕು. ಈ ಆಯುಕ್ತರು ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ರೈಲು ಓಡಿಸುವವರೇ ರೈಲಿಗೆ ಸರ್ಟಿಫಿಕೇಟ್ ಕೊಡಬಾರದೆಂದು. ಇನ್ನು ಕ್ಯಾಸಲ್‌ರಾಕ್ ಘಾಟಿ: 37 ಮೀಟರಿಗೆ ಒಂದು ಮೀಟರ್ ಏರು, ಕಲ್ಲಿದ್ದಲು ಹೊತ್ತ ಗಾಡಿಗೆ ಹಿಂದಿನಿಂದಲೂ ಎಂಜಿನ್ ತಳ್ಳಬೇಕು. ಅಲ್ಲಿ ಹೊಸ ಪ್ಯಾಸೆಂಜರ್ ಕೇಳುವುದನ್ನು ನಾನಾದರೆ ಕೊನೆಗೆ ಇಟ್ಟುಕೊಳ್ಳುತ್ತೇನೆ.

ರಾತ್ರಿ ರೇಕ್ (ಒಂದು ಗಾಡಿಯ ಬೋಗಿಗಳ ಜೋಡಣೆ) ಎಲ್ಲಿ ಮಲಗುತ್ತದೆ, ತೊಳೆದು ತಪಾಸಣೆ ಮಾಡುವ ಪಿಟ್ ಲೈನ್ ಎಲ್ಲಿದೆ ಎಂಬುದನ್ನು ಅರ್ಜಿದಾರರು ಯೋಚಿಸುವುದೇ ಇಲ್ಲ. ಹೊಸ ಗಾಡಿಗಿಂತ ಇರುವ ಗಾಡಿಯನ್ನು ಮುಂದಕ್ಕೆ ಎಳೆಯುವುದು ಸಲೀಸು. ಬೆಂಗಳೂರಿನಿಂದ ಮೈಸೂರು ಮೇಲೆ ಮಂಗಳೂರಿಗೆ ಬರುತ್ತಿದ್ದ ಗಾಡಿ 2023ರಲ್ಲಿ ಮುರುಡೇಶ್ವರ ಮುಟ್ಟಿದ್ದು ಹೀಗೆ. ಯಾವ ರೇಕ್ ಯಾವ ಊರಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ನಿಂತಿದೆ ಎಂದು ಹುಡುಕಿ.

ಅರ್ಜಿ ಒಂದೇ ಪುಟ, ಗ್ರಾಫಿನ ಜೆರಾಕ್ಸ್ ಜೊತೆಗೆ. ಕರಾವಳಿ ಲೈನಿನದು ಕಾರವಾರದ ರೀಜನಲ್ ಕಚೇರಿಗೆ, ಪ್ರತಿ ಬೇಲಾಪುರದ ಕೊಂಕಣ ರೈಲ್ವೆ ಮುಖ್ಯ ಕಚೇರಿಗೆ. ದಾಂಡೇಲಿ, ಕ್ಯಾಸಲ್‌ರಾಕ್ ಕಡೆಯದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ. ಕೊಂಕಣ ರೈಲ್ವೆ ನಿಗಮ ಕಟ್ಟುವಾಗ ಕರ್ನಾಟಕ ಹಾಕಿದ್ದು ನೂರಕ್ಕೆ 15 ಪಾಲು, ಆದ್ದರಿಂದ ರಾಜ್ಯ ಸರ್ಕಾರಕ್ಕೂ ಒಂದು ಪ್ರತಿ ಹೋಗಲಿ. ಸಹಿಗಳ ಕಟ್ಟು ಆಮೇಲೆ ಕಳಿಸಿದರಾಯಿತು. ಗ್ರಾಫಿನ ಮೇಲೆ ಸ್ಟೇಷನ್ನಿನ ಹೆಸರು, ನಿಮಿಷ ಸ್ಫುಟವಾಗಿ ಕಾಣಲಿ.