ಬಾಟಲಿಯಲ್ಲಿ ಅಳೆದಿಟ್ಟ ಮೂರು ಚಮಚ ಎಣ್ಣೆ

ಕಳೆದ ವರ್ಷ ಯುಗಾದಿ ಕಳೆದು ನಾಲ್ಕನೇ ದಿನ. ರಾತ್ರಿ ಊಟ ಆದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾದ ನೋವು ಬೆನ್ನಿಗೆ ಹೊಡೆಯಿತು. ಗ್ಯಾಸ್ ಇರಬೇಕು ಅಂತ ಓಮದ ಕಷಾಯ ಕುಡಿದೆ. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ಬೆಳಗಿನ ಜಾವ ದಾವಣಗೆರೆಯ ಆಸ್ಪತ್ರೆ ಸೇರಿದಾಗ ರಕ್ತದಲ್ಲಿ ಲೈಪೇಸ್ (ಮೇದೋಜೀರಕ ಗ್ರಂಥಿ ಕೊಬ್ಬು ಕರಗಿಸಲು ಬಿಡುವ ಕಿಣ್ವ) ಇರಬೇಕಾದ ಮಿತಿಯ ಮೂರು ಪಟ್ಟು ದಾಟಿತ್ತು. ಪಿತ್ತಕೋಶದ ಕಲ್ಲೊಂದು ಜಾರಿ ನಾಳಕ್ಕೆ ಅಡ್ಡ ಬಂದು, ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಊದಿಕೊಂಡಿತ್ತು. ಡ್ರಿಪ್, ನೋವಿನ ಇಂಜೆಕ್ಷನ್, ಮನೆಗೆ ಕಳಿಸುವ ಮೊದಲೇ ಪಿತ್ತಕೋಶದ ಆಪರೇಷನ್. ಆ ಹೊತ್ತಿನಲ್ಲಿ ಯಾವ ಸೊಪ್ಪು, ಬೇರೂ ಕೆಲಸಕ್ಕೆ ಬರಲ್ಲ. ಕಷಾಯ ಕುಡಿದು ಕಾದ ಆ ಏಳು ಗಂಟೆ ನೆನೆದರೆ ಈಗಲೂ ಭಯ ಆಗುತ್ತದೆ.

ಮನೆಗೆ ಹೊರಟಾಗ ಡಾಕ್ಟರು ಹೇಳಿದ್ದು, ಸದ್ಯಕ್ಕೆ ದಿನಕ್ಕೆ 30 ಗ್ರಾಂ ಕೊಬ್ಬು ಮೀರಬೇಡಿ ಅಂತ. ಒಲೆ ಮುಂದೆ ನಿಂತವರಿಗೆ ಗ್ರಾಂ ಲೆಕ್ಕ ಹೇಗೆ ಗೊತ್ತಾಗಬೇಕು? ನನ್ನ ಹೆಂಡತಿ ಒಂದು ಹಳೆಯ ಸಿರಪ್ ಬಾಟಲಿ ತೊಳೆದು ಒಣಗಿಸಿದಳು. ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಟೀ ಚಮಚದಲ್ಲಿ ಮೂರು ಚಮಚ ಎಣ್ಣೆ. ಒಂದು ಚಮಚಕ್ಕೆ ಸುಮಾರು 4.5 ಗ್ರಾಂ ಕೊಬ್ಬು. ಇಡೀ ದಿನ ನನ್ನ ಪಾಲಿಗೆ ಅಷ್ಟೇ. ಉಳಿದ ಕೊಬ್ಬು ಹಾಲು, ಬೇಳೆ, ಕಾಳಲ್ಲೇ ಬಂದುಬಿಡುತ್ತದೆ. ಕಾಯಿತುರಿಯೂ ಕೊಬ್ಬೇ ಅನ್ನೋದು ನಮಗೆ ಆಗಲೇ ಹೊಳೆದದ್ದು. ಚಟ್ನಿಗೆ ಹುರಿಗಡಲೆ ಬಂತು.

ನಮಗೆ ಗೊತ್ತಿರುವ ಆಯುರ್ವೇದ ವೈದ್ಯರನ್ನೂ ಕಂಡೆ. ಅವರು ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಪೂರ್ತಿ ಓದಿದರು. ಕೊಟ್ಟದ್ದು ಔಷಧಿ ಅಲ್ಲ, ಊಟದ ಕ್ರಮ. ಮೊದಲು ಅರಳಿನ ಗಂಜಿ, ಆಮೇಲೆ ಮೆತ್ತನ್ನ, ಹೆಸರುಬೇಳೆ ಕಟ್ಟು, ಸೋರೆಕಾಯಿ, ಹೀರೆಕಾಯಿ. ಬೆಣ್ಣೆ ತೆಗೆದ ಮಜ್ಜಿಗೆಗೆ ಜಜ್ಜಿದ ಶುಂಠಿ, ಹುರಿದ ಜೀರಿಗೆ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ಇವು ಗ್ರಂಥಿಯನ್ನು ವಾಸಿ ಮಾಡಿದವು ಅಂತ ನಾನು ಹೇಳಲ್ಲ. ಹೊಟ್ಟೆಗೆ ಹಿತ ಆಯ್ತು, ವಾಂತಿ ಬರುವ ಹಾಗೆ ಆಗೋದು ನಿಂತಿತು, ಬಾಯಿಗೆ ರುಚಿ ಬಂತು. ಆ ದಿನಗಳಲ್ಲಿ ಅದು ಸಣ್ಣ ವಿಷಯ ಅಲ್ಲ.

ಪಕ್ಕದ ಮನೆಯವರು ಪ್ರೀತಿಯಿಂದ ಅಮೃತಬಳ್ಳಿ ತಂದುಕೊಟ್ಟರು. ಅದರ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಬೇಡವೇ ಬೇಡ ಅಂದರು. ಕಲ್ಲಿನಿಂದಾಗಿ ನನ್ನ ಲಿವರ್ ಟೆಸ್ಟ್ ಆಗಲೇ ಏರುಪೇರಾಗಿತ್ತು. ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಅರಿಶಿನದ ಕ್ಯಾಪ್ಸೂಲನ್ನೂ ಬಿಟ್ಟೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಸಾಕಲ್ವಾ?

ಈ ಊರಲ್ಲಿದ್ದು ಬೆಣ್ಣೆ ದೋಸೆ ಬಿಡೋದು ಕಷ್ಟವೇ. ಕುಂದವಾಡ ಕೆರೆ ಸುತ್ತಿ ಬಂದು ಗೆಳೆಯರು ಹೋಟೆಲ್‌ಗೆ ಹೋದರೆ ನಾನು ಮನೆಗೆ ಬರುತ್ತಿದ್ದೆ. ಸಂಜೆಗೆ ಮಾತ್ರ ಮಂಡಕ್ಕಿ, ಅದಕ್ಕೆ ಈರುಳ್ಳಿ, ಟೊಮೆಟೊ, ನಿಂಬೆರಸ. ಎಣ್ಣೆ ಇಲ್ಲ, ಮಿರ್ಚಿ ಇಲ್ಲ.

ತೂಕ ಇಳಿದರೆ, ಮಲ ಜಿಡ್ಡಾಗಿ ತೇಲಿದರೆ ತಕ್ಷಣ ಬನ್ನಿ ಅಂತ ಆಸ್ಪತ್ರೆಯ ಡಾಕ್ಟರು ಅಂದಿದ್ದರು. ಹಾಗಾಗಲಿಲ್ಲ. ನಾಲ್ಕನೇ ತಿಂಗಳು ಅವರನ್ನು ಕೇಳಿಯೇ ಬಾಟಲಿಗೆ ಇನ್ನೊಂದು ಚಮಚ ಸೇರಿಸಿದೆವು.