ಬಿಳಿ ಬಾಟಲಿ ಅಲ್ಲಾಡಿಸಿ ಹಾಕ್ತಿದ್ದೀರಾ?

ಬಲಗಣ್ಣಿನ ಪೊರೆ ತೆಗೆಸಿಕೊಂಡು ಎಂಟನೇ ದಿನ ತೋರಿಸೋಕೆ ಹೋಗಿದ್ದೆ. ಡಾಕ್ಟರು ಯಂತ್ರದ ಮುಂದೆ ಗದ್ದ ಇಡಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಊತ ಇನ್ನೂ ಸ್ವಲ್ಪ ಜಾಸ್ತಿನೇ ಇದೆಯಲ್ಲ, ಆ ಬಿಳಿ ಬಾಟಲಿ ಅಲ್ಲಾಡಿಸಿ ಹಾಕ್ತಿದ್ದೀರಾ?" ಅಂದರು. ಇಲ್ಲ ಅಂದೆ. ಅಲ್ಲಾಡಿಸಬೇಕು ಅನ್ನೋದೇ ಗೊತ್ತಿರಲಿಲ್ಲ. ಲೇಬಲ್ ಮೇಲೆ ಬರೆದಿದೆ ನಿಜ. ಆದರೆ ಎಷ್ಟು ಸಣ್ಣ ಅಕ್ಷರ ಅಂದರೆ ಪೊರೆ ಇಲ್ಲದವರೂ ಬೆಳಕಿಗೆ ಹಿಡಿದು ಓದಬೇಕು.

ಅದು ಪ್ರೆಡ್ನಿಸೊಲೋನ್ ಅಸಿಟೇಟ್, ಸ್ಟೀರಾಯ್ಡ್ ಡ್ರಾಪ್ಸ್. ಅದರಲ್ಲಿ ಔಷಧಿ ನೀರಿನಲ್ಲಿ ಕರಗಿರುವುದಿಲ್ಲ, ನುಣ್ಣನೆ ಪುಡಿಯಾಗಿ ತೇಲುತ್ತಿರುತ್ತದೆ. ಬಾಟಲಿ ಸುಮ್ನೆ ನಿಂತರೆ ಪುಡಿ ತಳಕ್ಕೆ ಕೂತುಬಿಡುತ್ತದೆ. ಮನೆಗೆ ಬಂದು ಪರೀಕ್ಷೆ ಮಾಡಿಯೇ ನೋಡಿದೆ. ಅಲ್ಲಾಡಿಸದೆ ಒಂದು ಹನಿ ಸ್ಟೀಲ್ ಚಮಚದ ಮೇಲೆ ಬೀಳಿಸಿದೆ, ಹೆಚ್ಚುಕಮ್ಮಿ ನೀರು. ಚೆನ್ನಾಗಿ ಅಲ್ಲಾಡಿಸಿ ಪಕ್ಕದಲ್ಲೇ ಇನ್ನೊಂದು ಬೀಳಿಸಿದೆ, ಹಾಲಿನ ಹಾಗೆ ಬೆಳ್ಳಗೆ. ಒಂದು ವಾರ ದಿನಕ್ಕೆ 4 ಸಲ ಅಲಾರಾಂ ಇಟ್ಟುಕೊಂಡು ಶ್ರದ್ಧೆಯಿಂದ ಕಣ್ಣಿಗೆ ಹಾಕಿದ್ದು ಆ ಮೊದಲನೇ ಹನಿಯನ್ನ!

ಚೀಟಿಯಲ್ಲಿ ಮೂರು ಡ್ರಾಪ್ಸ್ ಇತ್ತು. ಮಾಕ್ಸಿಫ್ಲಾಕ್ಸಸಿನ್ ಸೋಂಕು ಆಗದಿರಲಿ ಅಂತ, ಅದು ಬೇಗ ಮುಗಿಯಿತು. ಉಳಿದ ಎರಡೂ ಊತಕ್ಕೆ. ಒಂದು ಈ ಸ್ಟೀರಾಯ್ಡ್, ಮೊದಲ ವಾರ ದಿನಕ್ಕೆ 4 ಸಲ, ಆಮೇಲೆ ವಾರಕ್ಕೊಂದು ಕಡಿಮೆ ಮಾಡುತ್ತಾ 3, 2, 1. ಇನ್ನೊಂದು ಕೆಟೊರೊಲಾಕ್, ಅದು ಸ್ಟೀರಾಯ್ಡ್ ಅಲ್ಲ, ನೋವಿನ ಮಾತ್ರೆಗಳ ಜಾತಿಯದು. ಹಾಕಿದ ತಕ್ಷಣ ಚುರ್ ಅನ್ನುತ್ತದೆ, ಅರ್ಧ ನಿಮಿಷದಲ್ಲಿ ಹೋಗುತ್ತದೆ. ಊತಕ್ಕೆ ಒಂದು ಸಾಲದಾ, ಎರಡು ಯಾಕೆ ಅಂತ ಕೇಳಿದ್ದೆ. ನನಗೆ ಶುಗರ್ ಇದೆ. ಶುಗರ್ ಇರುವವರಿಗೆ ಆಪರೇಷನ್ ಚೆನ್ನಾಗಿ ಆಗಿದ್ದರೂ ನಾಲ್ಕರಿಂದ ಆರು ವಾರದ ಹೊತ್ತಿಗೆ ಕಣ್ಣಿನ ಹಿಂದಿನ ಪರದೆಯ ನಡುಭಾಗ ಊದಿಕೊಂಡು ದೃಷ್ಟಿ ಮತ್ತೆ ಮಬ್ಬಾಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ, ಅದನ್ನು ತಡೆಯೋಕೆ ಈ ಎರಡನೆಯದು ಅಂದರು. ಇದು ನನ್ನ ಚೀಟಿ. ನಿಮ್ಮದರಲ್ಲಿ ಹೆಸರು, ಲೆಕ್ಕ, ದಿನ ಎಲ್ಲ ಬೇರೆ ಇರಬಹುದು, ಅದನ್ನೇ ನೋಡಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ತಗೊಂಡರೆ ಉಬ್ಬಸ ಬರುವವರು ಮಾತ್ರ ಈ ಕೆಟೊರೊಲಾಕ್ ಥರದ ಡ್ರಾಪ್ಸ್ ಬರೆಯುವ ಮೊದಲೇ ಡಾಕ್ಟರಿಗೆ ಹೇಳಿಬಿಡಿ.

ಹನಿ ಹಾಕೋದನ್ನೂ ನಾನು ಕಲಿಯಬೇಕಾಯಿತು. ಮೊದಮೊದಲು ಮೇಲಿಂದ ಗುರಿ ಇಟ್ಟು ಬಿಡುತ್ತಿದ್ದೆ, ಕಣ್ಣು ತಾನಾಗೇ ಮುಚ್ಚಿಕೊಂಡು ಅರ್ಧ ಕೆನ್ನೆಗೆ ಹೋಗುತ್ತಿತ್ತು. ಆಮೇಲೆ ಖಾತ್ರಿಗೆ ಅಂತ ಇನ್ನೊಂದು ಹನಿ. ಈಗ ಕೈ ತೊಳೆದು ಮಲಗಿಕೊಂಡೇ ಹಾಕುತ್ತೇನೆ. ಕೆಳರೆಪ್ಪೆಯನ್ನು ಬೆರಳಿನಿಂದ ಕೆನ್ನೆಯ ಕಡೆ ಎಳೆದರೆ ಒಂದು ಪುಟ್ಟ ಜೇಬು ಆಗುತ್ತದಲ್ಲ, ದೃಷ್ಟಿ ಮೇಲಕ್ಕಿಟ್ಟು ಅದರೊಳಗೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು, ತಾಗಿದರೆ ಕೊಳೆ ಬಾಟಲಿಯೊಳಗೇ ಹೋಗುತ್ತದೆ. ಎರಡನೇ ಹನಿ ದಂಡ. ಒಂದು ಹನಿ ಅಂದರೆ 30ರಿಂದ 50 ಮೈಕ್ರೋಲೀಟರ್, ಕಣ್ಣಲ್ಲಿ ನಿಲ್ಲೋದು ಹೆಚ್ಚೆಂದರೆ 30.

ಹಾಕಿದ ಮೇಲೆ ಕಣ್ಣು ಪಿಳಿಪಿಳಿ ಮಾಡದೆ ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳ ತುದಿಯಲ್ಲಿ ಎರಡು ನಿಮಿಷ ಒತ್ತಿ ಹಿಡಿಯುತ್ತೇನೆ. ಒತ್ತುವುದು ಮೂಗಿನ ಮೂಳೆಯ ಕಡೆಗೆ, ಗುಡ್ಡೆಯನ್ನಲ್ಲ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಅಲ್ಲಿದೆ. ಒತ್ತದಿದ್ದರೆ ಔಷಧಿ ಗಂಟಲಿಗೆ ಇಳಿದು ಕಹಿ ಕಹಿ ಅನ್ನಿಸುತ್ತದೆ, ಕಣ್ಣಿಗೆ ಸಿಗಬೇಕಾದ್ದು ಹೊಟ್ಟೆಗೆ ಹೋಯಿತು ಅಂತ ಲೆಕ್ಕ. ಇನ್ನೊಂದು ಡ್ರಾಪ್ಸ್ ಐದು ನಿಮಿಷ ಬಿಟ್ಟು. ಬೆನ್ನಿಗೇ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕತ್ತಲಲ್ಲಿ ಅದಲು ಬದಲಾಗದಿರಲಿ ಅಂತ ಮಗಳು ಬಿಳಿ ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟಳು. ಬ್ಯಾಂಡ್ ಕೈಗೆ ತಾಗಿದರೆ ಅಲ್ಲಾಡಿಸು ಅಂತ ಅರ್ಥ.

ಎರಡನೇ ತಪ್ಪು ಮೂರನೇ ವಾರದಲ್ಲಿ ಮಾಡಿದೆ. ಕಣ್ಣು ಬೆಳ್ಳಗಾಗಿತ್ತು, ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಕೂಡ ಕಾಣುತ್ತಿತ್ತು. ಅಷ್ಟರಲ್ಲಿ ಪರಿಚಯದವರೊಬ್ಬರು, ಸ್ಟೀರಾಯ್ಡ್ ಜಾಸ್ತಿ ದಿನ ಹಾಕಿದರೆ ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ, ಬರುತ್ತೆ ಅಂದರು. ಹೆದರಿ ನಿಲ್ಲಿಸಿಬಿಟ್ಟೆ, ಯಾರನ್ನೂ ಕೇಳಲಿಲ್ಲ. ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಕಿಟಕಿ ಪರದೆ ಸರಿಸಿದಾಗ ಬೆಳಕು ಕಣ್ಣಿಗೆ ಚುಚ್ಚಿತು, ಕರಿಗುಡ್ಡೆಯ ಸುತ್ತ ಕೆಂಪು. ಆಸ್ಪತ್ರೆಗೆ ಫೋನ್ ಮಾಡಿದೆ, ಅವತ್ತೇ ಬರೋಕೆ ಹೇಳಿದರು. ಸ್ಟೀರಾಯ್ಡ್ ಹಠಾತ್ ನಿಲ್ಲಿಸಿದರೆ ಒಳಗೆ ಅಡಗಿದ್ದ ಊತ ಮತ್ತೆ ಎದ್ದೇಳುತ್ತದೆ, ಮೆಟ್ಟಿಲು ಇಳಿದ ಹಾಗೆ ಇಳಿಸೋದು ಅದಕ್ಕೇ ಅಂತೆ. ಮತ್ತೆ ದಿನಕ್ಕೆ 4ರಿಂದ ಶುರು.

ಆ ಪರಿಚಯದವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೆಲವರಿಗೆ ಸ್ಟೀರಾಯ್ಡ್ ಡ್ರಾಪ್ಸ್‌ನಿಂದ ಕಣ್ಣೊಳಗಿನ ಒತ್ತಡ ಏರುತ್ತದೆ, ಅದು ಏರಿದ್ದು ನಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಉಪಾಯ ಒತ್ತಡ ಅಳೆಸಿಕೊಳ್ಳುವುದು, ಡ್ರಾಪ್ಸ್ ಬಿಡುವುದಲ್ಲ. ಒತ್ತಡ ಸಾಮಾನ್ಯವಾಗಿ 10ರಿಂದ 21 ಎಂಎಂ ಪಾದರಸದ ಒಳಗಿರಬೇಕು, ನನ್ನದು ಅವತ್ತು 16 ಇತ್ತು. ಮೊದಲೇ ಗ್ಲಾಕೋಮಾ ಇರುವವರು ಈ ತಪಾಸಣೆ ತಪ್ಪಿಸಲೇಬಾರದು. ನಾನು ಫೋನ್ ಮಾಡಿದ್ದು ಬೆಳಕು ಚುಚ್ಚಿದ್ದಕ್ಕೆ ಮಾತ್ರ. ನೋವು ದಿನೇದಿನೇ ಏರುತ್ತಿದ್ದರೆ, ಬಂದ ದೃಷ್ಟಿ ಮತ್ತೆ ಇಳಿಯುತ್ತಿದ್ದರೆ, ಗೀಜು ಕೀವಿನ ಹಾಗೆ ಬರುತ್ತಿದ್ದರೆ ರಾತ್ರಿಯಾದರೂ ಸರಿ, ಹೊರಡಿ. ಒಳಗೆ ಸೋಂಕು ಆಗಿದ್ದರೆ ಗಂಟೆಗಳ ಲೆಕ್ಕ.

ಒಂದು ಹೊತ್ತು ಮರೆತರೆ ನೆನಪಾದಾಗ ಹಾಕುತ್ತಿದ್ದೆ, ಮುಂದಿನ ಹೊತ್ತು ಹತ್ತಿರ ಇದ್ದರೆ ಬಿಟ್ಟುಬಿಡುತ್ತಿದ್ದೆ. ಡಬಲ್ ಮಾಡಿಲ್ಲ.

ಕೊನೆಗೆ ಕೆಟೊರೊಲಾಕ್ ಅರ್ಧ ಬಾಟಲಿ ಉಳಿಯಿತು, ಬಿಳಿಯದೂ ಸ್ವಲ್ಪ. ಬಾಟಲಿ ತೆರೆದು ತಿಂಗಳ ಮೇಲಾಗಿತ್ತು. ಅದೇ ಹೊತ್ತಿಗೆ ತಂಗಿ ಫೋನ್ ಮಾಡಿ, "ಅಣ್ಣ, ಕಣ್ಣು ಕೆಂಪಾಗಿದೆ, ನಿನ್ನ ಡ್ರಾಪ್ಸ್ ಉಳಿದಿದ್ರೆ ಕೊಡು" ಅಂದಳು. ಕೊಡಲ್ಲ ಅಂದೆ. ಕೆಂಪಾಗಿದ್ದು ಹರ್ಪಿಸ್ ವೈರಸ್‌ನಿಂದ ಆಗಿದ್ದರೆ ಸ್ಟೀರಾಯ್ಡ್ ಅದನ್ನು ಕೆರಳಿಸುತ್ತದೆ. ಕೆಟೊರೊಲಾಕ್ ಥರದ್ದನ್ನೂ ಕೇಳದೆ ತಿಂಗಳುಗಟ್ಟಲೆ ಹಾಕಿಕೊಂಡು ಕರಿಗುಡ್ಡೆಯ ಮೇಲ್ಪದರವೇ ತೆಳುವಾಗಿ ಹುಣ್ಣಾದವರಿದ್ದಾರೆ. ಇದನ್ನೆಲ್ಲ ಹೇಳಿ ಡಾಕ್ಟರಿಗೆ ತೋರಿಸು ಅಂದೆ. ಎರಡು ಹನಿಗೆ ಇಷ್ಟು ಭಾಷಣವಾ ಅಂತ ಫೋನ್ ಇಟ್ಟಳು. ಎರಡೂ ಬಾಟಲಿ ಅವತ್ತೇ ಕಸಕ್ಕೆ ಹೋದವು. ರಬ್ಬರ್ ಬ್ಯಾಂಡ್ ಮಾತ್ರ ತೆಗೆದಿಟ್ಟಿದ್ದೇನೆ, ಎಡಗಣ್ಣಿನದು ಇನ್ನೂ ಬಾಕಿ ಇದೆ.