ವ್ಯವಸ್ಥಾಪಕರಿಗೆ ಲೀನ್ ತರಬೇತಿ ನೀಡುವ ಬಗೆ

ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯಾಗಲಿ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಚೇರಿಯಾಗಲಿ, ಲೀನ್ (ಅಪವ್ಯಯವನ್ನು ತಗ್ಗಿಸುತ್ತ ಕೆಲಸವನ್ನು ಸುಧಾರಿಸುವ ವಿಧಾನ) ತರಬೇತಿಯನ್ನು ಸಭಾಂಗಣದಲ್ಲಿ ಅಲ್ಲ, ಕೆಲಸ ನಡೆಯುವ ಜಾಗದಲ್ಲಿಯೇ ಆರಂಭಿಸಿ. ಈ ವಿಧಾನಕ್ಕೆ ಬುನಾದಿ ಹಾಕಿದ ಟೊಯೋಟಾದ ಎಂಜಿನಿಯರ್ ತೈಚಿ ಓನೊ ಅವರು ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಅದರೊಳಗೆ ಗಂಟೆಗಟ್ಟಲೆ ನಿಂತು ಗಮನಿಸುವಂತೆ ಶಿಷ್ಯರಿಗೆ ಹೇಳುತ್ತಿದ್ದರು. ಹಾಗೆ ನಿಂತ ವ್ಯವಸ್ಥಾಪಕರಿಗೆ, ಓನೊ ಪಟ್ಟಿ ಮಾಡಿದ 7 ಬಗೆಯ ಅಪವ್ಯಯಗಳಲ್ಲಿ ಕಾಯುವಿಕೆ, ಅನಗತ್ಯ ಸಾಗಣೆ, ಅತಿಯಾದ ಉತ್ಪಾದನೆಗಳಾದರೂ ತಾವಾಗಿಯೇ ಕಾಣತೊಡಗುತ್ತವೆ. ಬಳಿಕ ಪ್ರತಿಯೊಬ್ಬರೂ ತಮ್ಮ ವಿಭಾಗದ ಒಂದೇ ತೊಂದರೆಯನ್ನು ಆರಿಸಿಕೊಂಡು, ‘ಏಕೆ’ ಎಂದು 5 ಬಾರಿ ಕೇಳುತ್ತ ಮೂಲಕಾರಣವನ್ನು ಹುಡುಕಲಿ. ಪರಿಹಾರವನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಅಳೆದ ಮೇಲಷ್ಟೇ ಪಕ್ಕದ ವಿಭಾಗಕ್ಕೆ ವಿಸ್ತರಿಸಲಿ. ಕಾರ್ಮಿಕರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸವೇ, ನನ್ನ ದೃಷ್ಟಿಯಲ್ಲಿ, ಇಡೀ ತರಬೇತಿಯ ಜೀವಾಳ. ಹೀಗೆ ಉಳಿತಾಯವಾದ ಸಮಯವನ್ನು ನೆಪವಾಗಿಸಿಕೊಂಡು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂದು ಆಡಳಿತವರ್ಗವು ಮೊದಲ ದಿನವೇ ಲಿಖಿತವಾಗಿ ತಿಳಿಸಬೇಕು.